ಒಂದೇ ಇಮೇಜ್, ನಾಲ್ಕು ರಿಜಿಸ್ಟ್ರಿ

ನಮ್ಮ ಅಪಾರ್ಟ್‌ಮೆಂಟಿಗೆ ಬರುವ ನೀರಿನ ಟ್ಯಾಂಕರ್‌ಗಳ ಲೆಕ್ಕ ಇಡಲು ಒಂದು ಸಣ್ಣ ಪೈಥಾನ್ ಆ್ಯಪ್ ಬರೆದಿದ್ದೆ. ಅದರ ಕಂಟೇನರ್ ಇಮೇಜನ್ನು (ಆ್ಯಪ್ ಮತ್ತು ಅದು ಓಡಲು ಬೇಕಾದ್ದೆಲ್ಲಾ ಸೇರಿದ ಒಂದು ಕಟ್ಟು) ಯಾವ ರಿಜಿಸ್ಟ್ರಿಯಲ್ಲಿ, ಅಂದರೆ ಇಂಥ ಇಮೇಜ್‌ಗಳ ಆನ್‌ಲೈನ್ ಉಗ್ರಾಣದಲ್ಲಿ, ಇಡೋದು ಅಂತ ತಲೆ ಕೆಡಿಸಿಕೊಂಡು, ಎರಡು ಶನಿವಾರ ಕೂತು ನಾಲ್ಕು ಕಡೆ ಪುಶ್ ಮಾಡಿ (ಮೇಲೆ ಕಳಿಸಿ) ನೋಡಿದೆ. ಟ್ಯಾಗ್ (ಆವೃತ್ತಿಯ ಹೆಸರು) ಹಾಕೋದು, ಪುಶ್, ಪುಲ್ (ಇಳಿಸಿಕೊಳ್ಳೋದು) ಎಲ್ಲಾ ಕಡೆ ಒಂದೇ. ಬೆವರಿಳಿಸುವುದು ಲಾಗಿನ್.

ಮೊದಲು ಡಾಕರ್ ಹಬ್. ಖಾತೆ ತೆರೆದು, ಟೋಕನ್ (ಪಾಸ್‌ವರ್ಡ್ ಬದಲಿಗೆ ಬಳಸುವ ಗುಟ್ಟಿನ ಸಂಕೇತ) ಮಾಡಿಕೊಂಡು, ಐದೇ ನಿಮಿಷದಲ್ಲಿ ಇಮೇಜ್ ಮೇಲೆ ಹೋಯಿತು. ರಿಪಾಸಿಟರಿಯನ್ನು (ರಿಜಿಸ್ಟ್ರಿಯೊಳಗೆ ಇಮೇಜ್ ಇಡುವ ಜಾಗ) ಮೊದಲೇ ಮಾಡಿರಬೇಕಿಲ್ಲ, ಪುಶ್ ಮಾಡಿದರೆ ತಾನಾಗೇ ಹುಟ್ಟುತ್ತದೆ. ಆದರೆ ನಾವು ಸೆಟ್ಟಿಂಗ್ ಬದಲಿಸದಿದ್ದರೆ ಅದು ಹುಟ್ಟುವುದು ಪಬ್ಲಿಕ್ ಆಗಿ! ನಾನೋ, ಡೇಟಾಬೇಸ್ ಪಾಸ್‌ವರ್ಡ್ ಇದ್ದ ಫೈಲನ್ನು ಡಾಕರ್‌ಇಗ್ನೋರ್‌ಗೆ (ಇಮೇಜ್‌ನೊಳಗೆ ಹೋಗಬಾರದ ಫೈಲ್‌ಗಳ ಪಟ್ಟಿಗೆ) ಸೇರಿಸೋದನ್ನೇ ಮರೆತಿದ್ದೆ. ತಪ್ಪು ಪೂರ್ತಿ ನನ್ನದೇ. ಇಮೇಜ್ ಅಂದರೆ ಒಂದರ ಮೇಲೊಂದು ಕೂತ ಲೇಯರ್‌ಗಳು (ಪದರಗಳು); ಮುಂದಿನ ಲೇಯರ್‌ನಲ್ಲಿ ಫೈಲ್ ಅಳಿಸಿದರೂ ಹಳೇ ಲೇಯರ್‌ನಲ್ಲಿ ಅದು ಹಾಗೇ ಕೂತಿರುತ್ತದೆ. ಇಮೇಜ್ ಡಿಲೀಟ್ ಮಾಡಿ, ಪಾಸ್‌ವರ್ಡನ್ನೂ ಬದಲಿಸಿದೆ. ಪುಕ್ಕಟೆ ಖಾತೆಗೆ ಒಂದೇ ಪ್ರೈವೇಟ್ ರಿಪಾಸಿಟರಿ. 2020ರ ನವೆಂಬರ್‌ನಿಂದ ಪುಲ್‌ಗೂ ಮಿತಿ ಬಂತು: ಲಾಗಿನ್ ಇಲ್ಲದೆ ಒಂದು ಐಪಿಗೆ (ಇಂಟರ್ನೆಟ್ ವಿಳಾಸಕ್ಕೆ) ಆರು ಗಂಟೆಯಲ್ಲಿ 100. ಇಡೀ ಆಫೀಸು ಒಂದೇ ಐಪಿ ಹಿಂದೆ ಇದ್ದರೆ ಆ ನೂರು ಎಲ್ಲರಿಗೂ ಸೇರಿ.

ಕೋಡ್ ಇಡುವ ತಾಣ ಗಿಟ್‌ಹಬ್‌ನ ರಿಜಿಸ್ಟ್ರಿಯಲ್ಲಿ ಇಮೇಜ್ ಮೊದಲು ಪ್ರೈವೇಟ್ ಆಗಿಯೇ ಬರುತ್ತದೆ. ಪೆಟ್ಟು ತಿಂದವನಿಗೆ ಅದೇ ಸಮಾಧಾನ. ಲ್ಯಾಪ್‌ಟಾಪಿನಿಂದ ಪುಶ್ ಮಾಡಲು ಕ್ಲಾಸಿಕ್ ಟೋಕನ್ ಬೇಕು, ಅದಕ್ಕೆ ಪ್ಯಾಕೇಜ್ ಬರೆಯುವ ಅನುಮತಿ ಕೊಡಬೇಕು. ಗಿಟ್‌ಹಬ್‌ನಲ್ಲೇ ಕೆಲಸಗಳನ್ನು ತಾನಾಗಿ ಓಡಿಸುವ ಆಕ್ಷನ್ಸ್‌ನಿಂದಾದರೆ ಬೇರೆ ಟೋಕನ್ನೇ ಬೇಡ, ಅದರ ವರ್ಕ್‌ಫ್ಲೋಗೆ (ಕೆಲಸಗಳ ಸರಣಿಗೆ) ತಾನಾಗಿ ಸಿಗುವ ಟೋಕನ್ ಸಾಕು. ಒಂದೇ ಕಿರಿಕಿರಿ: ನನ್ನ ಯೂಸರ್‌ನೇಮ್‌ನಲ್ಲಿ ದೊಡ್ಡಕ್ಷರ ಇತ್ತು, ಇಮೇಜ್ ಹೆಸರಿನಲ್ಲಿ ಎಲ್ಲಾ ಸಣ್ಣಕ್ಷರವೇ ಆಗಬೇಕು.

ಅಮೆಜಾನ್‌ನ ರಿಜಿಸ್ಟ್ರಿಯಾದ ಇಸಿಆರ್‌ಗೆ ಒಂದಿಡೀ ಮಧ್ಯಾಹ್ನ ಹೋಯಿತು. ವಿಳಾಸದಲ್ಲೇ 12 ಅಂಕಿಯ ಅಕೌಂಟ್ ನಂಬರ್, ರೀಜನ್ (ಸರ್ವರ್‌ಗಳಿರುವ ಪ್ರದೇಶ) ಎಲ್ಲಾ ಇರುತ್ತದೆ. ಯೂಸರ್‌ನೇಮ್ ಯಾರಿಗಾದರೂ 'ಎಡಬ್ಲ್ಯೂಎಸ್' ಅಂತಲೇ. ಪಾಸ್‌ವರ್ಡನ್ನು ಕಮಾಂಡ್ ಓಡಿಸಿ ಪಡೆಯಬೇಕು, ಅದು ಬಾಳುವುದು 12 ಗಂಟೆ. ನಾನು ರಿಪಾಸಿಟರಿ ಮಾಡಿದ್ದು ಮುಂಬೈ ರೀಜನ್‌ನಲ್ಲಿ, ಲಾಗಿನ್ ಆಗಿದ್ದು ವರ್ಜೀನಿಯಾಕ್ಕೆ! ಲಾಗಿನ್ ಸಕ್ಸೀಡೆಡ್ ಅಂತ ಬರುತ್ತಿತ್ತು, ಪುಶ್ ಮಾಡಿದರೆ ನೋ ಬೇಸಿಕ್ ಆಥ್ ಕ್ರೆಡೆನ್ಷಿಯಲ್ಸ್, ಅಂದರೆ ಲಾಗಿನ್ ವಿವರವೇ ಇಲ್ಲ ಅಂತ. ಹಳೇ ಪ್ರಾಜೆಕ್ಟಿಗೆ ಹಾಕಿದ್ದ ಡೀಫಾಲ್ಟ್ ರೀಜನ್ ಹಾಗೇ ಉಳಿದಿತ್ತು ಅಂತ ಹೊಳೆಯೋಕೆ ಒಂದು ಗಂಟೆ, ಎರಡು ಕಾಫಿ.

ಆದರೆ ಆ್ಯಪ್ ಓಡೋದು ಅಮೆಜಾನ್ ಸರ್ವರ್‌ನಲ್ಲೇ ಆದರೆ ಈ ಪಾಡೆಲ್ಲಾ ಸಾರ್ಥಕ. ಸರ್ವರ್‌ಗೆ ಒಂದು ರೋಲ್ (ಅನುಮತಿಗಳ ಕಟ್ಟು) ಕೊಟ್ಟರೆ ಸರ್ವರ್ ತಾನೇ ಟೋಕನ್ ತಂದುಕೊಳ್ಳುತ್ತದೆ, ಪಾಸ್‌ವರ್ಡನ್ನು ಎಲ್ಲೂ ಬರೆದಿಡಬೇಕಿಲ್ಲ. ಒಂದೇ ರೀಜನ್ ಒಳಗೆ ಪುಲ್ ಮಾಡಿದರೆ ಡೇಟಾ ಸಾಗಣೆಗೆ ದುಡ್ಡೂ ಇಲ್ಲ.

ಗೂಗಲ್‌ನದು ಬೇಗ ಮುಗಿಯಿತು. ಹಳೇ ಪಾಠಗಳಲ್ಲಿ ಕಾಣುವ ಕಂಟೇನರ್ ರಿಜಿಸ್ಟ್ರಿ 2025ರ ಮಾರ್ಚ್‌ನಲ್ಲಿ ಮುಚ್ಚಿತು, ಈಗಿರುವುದು ಆರ್ಟಿಫ್ಯಾಕ್ಟ್ ರಿಜಿಸ್ಟ್ರಿ. ಒಂದು ಸಲ ಕಾನ್ಫಿಗರ್ ಮಾಡಿದರೆ ಆಮೇಲೆ ಲಾಗಿನ್ ಚಿಂತೆಯೇ ಇಲ್ಲ. ಇಲ್ಲಿ ರಿಪಾಸಿಟರಿ ಅಂದರೆ ಒಂದು ಫೋಲ್ಡರ್ ಇದ್ದಂತೆ, ಒಂದರೊಳಗೇ ಹತ್ತಾರು ಇಮೇಜ್ ಇಡಬಹುದು. ಇಸಿಆರ್‌ನಲ್ಲಿ ಪ್ರತಿ ಇಮೇಜ್‌ಗೂ ಒಂದೊಂದು ರಿಪಾಸಿಟರಿ ಮಾಡಬೇಕು.

ಖರ್ಚು? ಇಸಿಆರ್‌ನಲ್ಲಿ ಒಂದು ಜಿಬಿಗೆ ತಿಂಗಳಿಗೆ 10 ಸೆಂಟ್. ಗೂಗಲ್‌ನಲ್ಲೂ ಅಷ್ಟೇ, ಮೊದಲ ಅರ್ಧ ಜಿಬಿ ಪುಕ್ಕಟೆ. ಕಮ್ಮಿ ಅನ್ನಿಸುತ್ತೆ ಅಲ್ವಾ? 'ಲೇಟೆಸ್ಟ್' ಟ್ಯಾಗಿಗೇ ಮತ್ತೆ ಮತ್ತೆ ಪುಶ್ ಮಾಡಿದರೆ ಹಳೇ ಇಮೇಜ್‌ಗಳು ಟ್ಯಾಗ್ ಇಲ್ಲದೆ ಅಲ್ಲೇ ಬಿದ್ದಿರುತ್ತವೆ, ಅವಕ್ಕೂ ಬಾಡಿಗೆ. ಇಸಿಆರ್‌ನಲ್ಲಿ ಟ್ಯಾಗಿಲ್ಲದ್ದನ್ನು ಏಳು ದಿನಕ್ಕೆ ಅಳಿಸುವ ಲೈಫ್‌ಸೈಕಲ್ ನಿಯಮ ಮೊದಲ ದಿನವೇ ಹಾಕಿಬಿಟ್ಟೆ.

ಟ್ಯಾಂಕರ್ ಆ್ಯಪ್ ಗಿಟ್‌ಹಬ್‌ನಲ್ಲೇ ಉಳಿಯಿತು. ಕೋಡ್ ಅಲ್ಲೇ ಇದೆ, ಓಡುವುದು ಒಂದು ಸಣ್ಣ ಬಾಡಿಗೆ ಸರ್ವರ್‌ನಲ್ಲಿ. ಅದು ಅಮೆಜಾನ್‌ಗೆ ಹೋದ ದಿನ ಇಮೇಜನ್ನೂ ಇಸಿಆರ್‌ಗೆ ಸಾಗಿಸುತ್ತೇನೆ, ರೀಜನ್ ಎರಡು ಸಲ ನೋಡಿಕೊಂಡು.