ಶಿವಾರಪಟ್ಟಣದ ಶಿಲ್ಪದ ಶೆಡ್ಡು: ಕಸುಬು ಕಲಿಯಲು ಹೊರಟವರಿಗೆ

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ದೇವರ ವಿಗ್ರಹ ಮಾಡಿಸಲು ಬರುವವರು ಮೊದಲಿನಿಂದಲೂ ಇದ್ದಾರೆ. ವಿಗ್ರಹ ಮಾಡುವುದನ್ನು ಕಲಿಯಬೇಕೆಂದು ಹೊರಗಿನಿಂದ ಬರುವವರು ಈಚೆಗೆ ಹೆಚ್ಚಾಗಿದ್ದಾರೆ ಎಂದು ಅಲ್ಲಿ ಶಿಲ್ಪ ಕಲಿಸುವ ಆಚಾರ್ಯರೊಬ್ಬರು ಹೇಳಿದರು. 2024ರ ಜನವರಿಯಲ್ಲಿ ಅಯೋಧ್ಯೆಯಲ್ಲಿ ಪ್ರತಿಷ್ಠೆಯಾದ 51 ಇಂಚಿನ ಬಾಲರಾಮನನ್ನು ಕೆತ್ತಿದ ಮೈಸೂರಿನ ಅರುಣ್ ಯೋಗಿರಾಜ್ ಎಂಬಿಎ ಓದಿ, ಕೆಲಕಾಲ ಖಾಸಗಿ ಕಂಪನಿಯಲ್ಲಿದ್ದು, 2008ರಿಂದ ಪೂರ್ಣಾವಧಿ ಶಿಲ್ಪಿಯಾದವರು ಎಂಬ ಸಂಗತಿ ಹಲವರಿಗೆ ಹುರುಪು ಕೊಟ್ಟಿದೆ. ಅವರ ತಂದೆ, ತಾತ ಇಬ್ಬರೂ ಶಿಲ್ಪಿಗಳು, ಉಳಿಯ ಸದ್ದು ಕೇಳುತ್ತಲೇ ಅವರು ಬೆಳೆದವರು ಎಂಬುದನ್ನು ಮಾತ್ರ ಈ ಹುರುಪಿನಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನಾನು ಪತ್ರಿಕೆಗಳಿಗೆ ರೇಖಾಚಿತ್ರ ಬರೆಯುವವಳು. ಗೆರೆಯಿಂದ ಕಲ್ಲಿಗೆ ದಾಟಬಹುದೇ ಎಂದು ನೋಡಲು ವಾರಾಂತ್ಯಗಳಲ್ಲಿ ಅಲ್ಲಿಗೆ ಹೋಗತೊಡಗಿದೆ. ನಾನು ಹೋಗುವ ಶೆಡ್ಡಿಗೆ ಬೋರ್ಡಿಲ್ಲ, ಆಚಾರ್ಯರಿಗೆ ಪ್ರಚಾರವೂ ಬೇಕಿಲ್ಲ. ಆದ್ದರಿಂದ ಇದನ್ನು ಒಂದು ವಿಳಾಸದ ಶಿಫಾರಸೆಂದು ಓದದೆ, ಈ ಊರಿನಲ್ಲಿ ಕಲಿಕೆ ಯಾವ ಬಗೆಯಲ್ಲಿ ಸಿಗುತ್ತದೆ ಎಂಬುದರ ವಿವರಣೆಯೆಂದು ಓದಿಕೊಳ್ಳಬೇಕು.

ಬೆಂಗಳೂರಿನಲ್ಲಿ ‘ಸೃಜನಶೀಲ ಶಿಬಿರ’ ಎಂದು ನಡೆಯುವ ತರಗತಿಗಳಲ್ಲಿ ನಿಮ್ಮೊಳಗೆ ಏನಿದೆಯೋ ಅದನ್ನು ಹೊರಗೆ ತನ್ನಿ ಎನ್ನುತ್ತಾರೆ. ಇಲ್ಲಿ ನಿಮ್ಮೊಳಗೆ ಏನಿದೆ ಎಂದು ಬಹಳ ಕಾಲ ಯಾರೂ ಕೇಳುವುದಿಲ್ಲ. ಮೊದಲು ಕಲಿಸುವುದು ಕಲ್ಲನ್ನು ಕೇಳಿಸಿಕೊಳ್ಳುವುದನ್ನು. ಸುತ್ತಿಗೆಯ ಹಿಂಬದಿಯಿಂದ ತಟ್ಟಿದಾಗ ಗಂಟೆಯಂತೆ ನಾದ ಹೊರಟರೆ ಕಲ್ಲು ಗಟ್ಟಿ. ಎಲ್ಲಾದರೂ ಮಂಕಾಗಿ ಬಡಿದರೆ ಅಲ್ಲಿ ಬಿರುಕಿದೆ ಎಂದೇ ಅರ್ಥ, ಹೊರಗೆ ಎಷ್ಟು ನುಣುಪಾಗಿ ಕಂಡರೂ ಆ ಕಲ್ಲನ್ನು ಬದಿಗಿಡುತ್ತಾರೆ. ಅನಂತರ ಒಂದು ಮುಖವನ್ನು ಮಟ್ಟಸ ಮಾಡುವ ಕೆಲಸ, ಆಮೇಲೆ ನೇರ ಗೆರೆ, ಹೂವಿನ ಎಸಳು, ಬೆರಳುಗಳು. ಮುಖದ ಸರದಿ ಬರುವುದು ಇದೆಲ್ಲ ಮುಗಿದ ಮೇಲೆ.

ಇದರ ಜೊತೆಗೆ ತಾಳಮಾನ, ಅಂದರೆ ವಿಗ್ರಹದ ಅಂಗಾಂಗಗಳ ಅಳತೆಯ ಲೆಕ್ಕ. ನವತಾಳದ ಪ್ರತಿಮೆಯ ಎತ್ತರ 108 ಅಂಗುಲ, ಒಂದು ತಾಳಕ್ಕೆ 12 ಅಂಗುಲ. ಮುಖ, ಎದೆ, ಹೊಟ್ಟೆ, ಕಿಬ್ಬೊಟ್ಟೆಗೆ ಒಂದೊಂದು ತಾಳ, ತೊಡೆಗೂ ಕಣಕಾಲಿಗೂ ಎರಡೆರಡು. ಉಳಿಯುವ 12 ಅಂಗುಲವನ್ನು ಕತ್ತು, ಮಂಡಿ, ಪಾದಗಳು ನಾಲ್ಕು ನಾಲ್ಕಾಗಿ ಹಂಚಿಕೊಳ್ಳುತ್ತವೆ. ಇಲ್ಲಿನ ಅಂಗುಲ ನಮ್ಮ ಇಂಚಲ್ಲ, ಆಯಾ ವಿಗ್ರಹದ ಎತ್ತರವನ್ನೇ ಭಾಗಿಸಿ ಪಡೆದ ಅಳತೆ. ಆದುದರಿಂದ ಗೇಣುದ್ದದ ಮೂರ್ತಿಗೂ ಆಳೆತ್ತರದ ಮೂರ್ತಿಗೂ ಲೆಕ್ಕ ಒಂದೇ. ಚಿತ್ರ ಬರೆಯುವವರು ಕಣ್ಣಂದಾಜಿನಲ್ಲಿ ಮಾಡುವುದನ್ನು ಇವರು ಬಾಯಿಪಾಠದಲ್ಲಿ ಮಾಡುತ್ತಾರೆ.

ನನ್ನನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಕಲ್ಲಿನ ಮೇಲೆ ಮೊದಲು ನಡುಗೆರೆಯನ್ನು, ಅಂದರೆ ಬ್ರಹ್ಮಸೂತ್ರವನ್ನು, ಎಳೆದು ಅದರ ಎರಡೂ ಬದಿಗೆ ಅಳತೆ ಗುರುತು ಹಾಕುತ್ತಾರೆ. ಚಾಣದ ಏಟು ಬಿದ್ದಂತೆಲ್ಲ ಆ ಗೆರೆ ಚಕ್ಕೆಯೊಡನೆ ಎದ್ದುಹೋಗುತ್ತದೆ. ಅದನ್ನು ಮತ್ತೆ ಬರೆಯಬೇಕು, ಮತ್ತೆ ಕೆತ್ತಬೇಕು. ಸಂಜೆಯ ಹೊತ್ತಿಗೆ ಒಂದೇ ಮೂಗನ್ನು ಅದೆಷ್ಟು ಸಲ ಬರೆದಿರುತ್ತೇವೋ! ಮೂಗಿನ ತುದಿಯೇ ಮುಖದ ಅತಿ ಎತ್ತರದ ಬಿಂದುವಾದ್ದರಿಂದ ಅಲ್ಲಿ ಕಲ್ಲನ್ನು ಹೆಚ್ಚಾಗಿಯೇ ಉಳಿಸಿಕೊಂಡು, ಕೆನ್ನೆಯನ್ನೂ ಕಣ್ಣಿನ ಗುಳಿಯನ್ನೂ ಹಿಂದಕ್ಕೆ ಸರಿಸುತ್ತ ಹೋಗುತ್ತಾರೆ. ‘ಮೂಗು ಆಮೇಲೂ ಸಣ್ಣದಾಗುತ್ತೆ ಕಣಮ್ಮ, ದೊಡ್ಡದಾಗಲ್ಲ’ ಎಂದು ಆಚಾರ್ಯರು ತೆಲುಗು ಬೆರೆತ ತಮ್ಮ ಕೋಲಾರದ ಕನ್ನಡದಲ್ಲಿ ಎಚ್ಚರಿಸುತ್ತಲೇ ಇರುತ್ತಾರೆ.

ಹಾಗಾದರೆ ಸ್ವಂತ ಕಲ್ಪನೆಗೆ ಜಾಗವೆಲ್ಲಿ? ಅದನ್ನು ನೇರವಾಗಿ ಕೇಳಿದ್ದಕ್ಕೆ ನನ್ನನ್ನು ಕೋಲಾರದ ಸೋಮೇಶ್ವರ ದೇವಸ್ಥಾನಕ್ಕೆ ಕಳಿಸಿದರು. ಅಲ್ಲಿನ ವಿಜಯನಗರ ಕಾಲದ ಕಲ್ಯಾಣ ಮಂಟಪದ ಕಂಬಗಳಲ್ಲಿ ಒಂದನ್ನು ಆರಿಸಿಕೊಂಡು, ಅದರ ಒಂದೇ ಮಗ್ಗುಲನ್ನು ಬರೆದು ತರಬೇಕೆಂಬುದು ಷರತ್ತು. ಇಡೀ ಮಂಟಪವನ್ನು ಮೊಬೈಲಿನಲ್ಲಿ ತುಂಬಿಕೊಂಡು ಬರುವವರಿಗೆ ಕಾಣದ್ದು ಆ ಒಂದು ಮಗ್ಗುಲಲ್ಲಿ ಕಂಡಿತು: ಅಳತೆ ಒಂದೇ ಆದರೂ ಬಳ್ಳಿಯ ತಿರುವು ಸುರುಳಿಯಿಂದ ಸುರುಳಿಗೆ ಬೇರೆ. ನನ್ನ ಮುಂದಿನ ಚಿತ್ರಗಳ ಸರಣಿ ಹುಟ್ಟಿದ್ದು ಅಲ್ಲಿಂದಲೇ. ಶೆಡ್ಡಿಗೆ ಕೊಟ್ಟ ಹಣಕ್ಕೆ ಇದೊಂದೇ ಸಾಕು ಎನ್ನುವಷ್ಟು ನಾನು ತೃಪ್ತಳು.

ಕೊರತೆಗಳು ಇಲ್ಲದಿಲ್ಲ. ದೂಳು ಅವುಗಳಲ್ಲಿ ಮೊದಲನೆಯದು, ಗಂಭೀರವಾದದ್ದು ಕೂಡ. ಗ್ರೈಂಡರ್ ಬಂದ ಮೇಲೆ ಕೆಲಸ ಬೇಗ ಸಾಗುತ್ತದೆ ನಿಜ, ಆದರೆ ಗ್ರಾನೈಟಿನ ನವುರಾದ ಸಿಲಿಕಾ ದೂಳು ವರ್ಷಗಟ್ಟಲೆ ಒಳಗೆ ಹೋದರೆ ಬರುವ ಸಿಲಿಕೋಸಿಸ್‌ಗೆ ಗುಣಪಡಿಸುವ ಔಷಧವಿಲ್ಲ. ಶೆಡ್ಡಿನ ಹುಡುಗರು ಟವಲ್ಲು ಸುತ್ತಿಕೊಂಡು ಕೆಲಸ ಮಾಡುತ್ತಾರೆ, ಅದು ಏನೇನೂ ಸಾಲದು. ಕಲಿಯಲು ಹೋಗುವವರು ಎನ್95 ಮಾಸ್ಕನ್ನು ತಾವೇ ಒಯ್ಯಬೇಕು, ಕಲ್ಲಿಗೆ ನೀರು ಹಾಯಿಸಿ ಕೊಯ್ಯುವಂತೆ ಕೇಳಿಕೊಳ್ಳಲು ಸಂಕೋಚಪಡಬಾರದು. ಎರಡನೆಯದಾಗಿ, ಇಲ್ಲಿ ಪ್ರಮಾಣಪತ್ರವಿಲ್ಲ. ಪದವಿ ಬೇಕಾದವರಿಗೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು ಅಥವಾ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನ ದೃಶ್ಯಕಲಾ ಪದವಿ ಕೋರ್ಸು ಸರಿ. ಹೆಣ್ಣುಮಕ್ಕಳಿಗೆ ಶೌಚಾಲಯದ ವ್ಯವಸ್ಥೆಯೂ ಅಷ್ಟಕ್ಕಷ್ಟೆ.

ಶುಲ್ಕವೆಂದು ನಿಗದಿಯಾದದ್ದಿಲ್ಲ, ಕಲಿಯುವ ಕಲ್ಲಿನ ಬೆಲೆ, ಕಾರ್ಬೈಡ್ ತುದಿಯ ಚಾಣಗಳ ಖರ್ಚು, ಆಚಾರ್ಯರ ಕೈಗೆ ಒಪ್ಪಿಕೊಂಡಷ್ಟು. ಬೇಗ ಸಂಪಾದನೆಗೆ ಇಳಿಯಬೇಕೆನ್ನುವವರು ಒಂದು ಮಾತು ತಿಳಿದಿರಲಿ: ಮೊದಮೊದಲು ಸಿಗುವ ಕೂಲಿ ಕೆಲಸವೆಂದರೆ ಬೇರೆಯವರು ಕೆತ್ತಿದ ವಿಗ್ರಹವನ್ನು ಎಮರಿ ಕಾಗದ ಹಿಡಿದು ನೀರಿನಲ್ಲಿ ಉಜ್ಜಿ ನುಣುಪು ಮಾಡುವುದು. ಈ ಕಸುಬಿನಲ್ಲೇ ಸ್ವಂತವಾಗಿ ದುಡಿಯಲು ನಿಂತವರಿಗೆ 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಶಿಲ್ಪಿಗಳೂ ಸೇರಿದ್ದಾರೆ; ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿಯವರೆಗೆ ನೆರವು ಇದೆ.

ಎರಡು ದಿನ ಮನಸ್ಸು ಹಗುರ ಮಾಡಿಕೊಂಡು ಬರೋಣ ಎನ್ನುವವರಿಗೆ ಈ ಶೆಡ್ಡು ತಕ್ಕುದಲ್ಲ. ಕಲ್ಲಿನಲ್ಲೇ ಬದುಕು ಕಟ್ಟಿಕೊಳ್ಳಬಹುದೇ ಎಂದು ಕೆಲಸ ಬಿಡುವ ಮೊದಲೇ ಪರೀಕ್ಷಿಸಿಕೊಳ್ಳಬೇಕೆನ್ನುವವರಿಗೆ ಇದಕ್ಕಿಂತ ನೇರವಾದ ಜಾಗ ನನ್ನ ಕಣ್ಣಿಗೆ ಬಿದ್ದಿಲ್ಲ. ಹೋಗುವವರು ಶನಿವಾರವೇ ಹೋಗಲಿ. ಭಾನುವಾರ ವಿಗ್ರಹಕ್ಕೆ ಮುಂಗಡ ಕೊಡುವ ಗಿರಾಕಿಗಳು ಬರುವುದರಿಂದ ಆಚಾರ್ಯರು ಕಲಿಯುವವರ ಪಕ್ಕದಲ್ಲಿ ಕೂರುವುದು ಅಪರೂಪ.