ಇಂಟರ್ನ್‌ಶಿಪ್ ಪೋಸ್ಟರ್ ನೋಡಿ ದುಡ್ಡು ಕಟ್ಟುವ ಮೊದಲು ಇದನ್ನೊಮ್ಮೆ ಓದಿ

ಸೆಮಿಸ್ಟರ್ ಪರೀಕ್ಷೆ ಮುಗಿಯುವ ಹೊತ್ತಿಗೆ ಕಾಲೇಜಿನ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಪೋಸ್ಟರ್‌ಗಳ ಸುರಿಮಳೆ ಶುರುವಾಗುತ್ತದೆ. ಇಂಟರ್ನ್‌ಶಿಪ್, ಹ್ಯಾಕಥಾನ್, ವರ್ಕ್‌ಶಾಪ್, ಸ್ಕಾಲರ್‌ಶಿಪ್, 'ಇವತ್ತೇ ಕೊನೇ ದಿನ'. ಇದರಲ್ಲಿ ಒಳ್ಳೆಯವೂ ಇರುತ್ತವೆ. ನಾನು ಹೇಳಲು ಹೊರಟಿರುವುದು ದುಡ್ಡು ಕಟ್ಟಿಸಿಕೊಂಡು ಕೊಡುವ ಇಂಟರ್ನ್‌ಶಿಪ್ ಬಗ್ಗೆ. ನಮ್ಮ ಬ್ಯಾಚಿನಲ್ಲಿ ಅರ್ಧಕ್ಕರ್ಧ ಜನ ಕಟ್ಟಿದೆವು. ಕಂಪನಿಯ ಹೆಸರು ಹಾಕುತ್ತಿಲ್ಲ. ಹಾಕಿದರೂ ನಿಮಗೆ ಉಪಯೋಗವಿಲ್ಲ, ಅಂಥವರು ಹೆಸರು ಬದಲಿಸಿಕೊಂಡು ಮತ್ತೆ ಬರುತ್ತಾರೆ. ವಿಧಾನ ಗೊತ್ತಿದ್ದರೆ ಸಾಕು.

ನಮ್ಮದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯಲ್ಲಿ ಬರುವ ಕಾಲೇಜು, ಬೆಂಗಳೂರಿನಿಂದ ದೂರ. ಈಗಿನ ಸ್ಕೀಮ್‌ಗಳಲ್ಲಿ, ಅಂದರೆ ಪಠ್ಯಕ್ರಮಗಳಲ್ಲಿ, ಇಂಟರ್ನ್‌ಶಿಪ್ ಕಡ್ಡಾಯ. ಮಾಡದಿದ್ದರೆ ಕ್ರೆಡಿಟ್ ಇಲ್ಲ, ಕ್ರೆಡಿಟ್ ಇಲ್ಲದಿದ್ದರೆ ಡಿಗ್ರಿ ಇಲ್ಲ. ಬೆಂಗಳೂರಿನ ಕಂಪನಿಯಲ್ಲಿ ಅಣ್ಣನೋ ಮಾವನೋ ಇದ್ದವರಿಗೆ ಹೇಗೋ ಆಗುತ್ತದೆ. ಉಳಿದವರ ಕಥೆ ಏನು? ನಮ್ಮೂರಲ್ಲಿ ಕಂಪ್ಯೂಟರ್ ಸೈನ್ಸ್ ಹುಡುಗರನ್ನು ಕೂರಿಸಿಕೊಂಡು ಕೆಲಸ ಕಲಿಸುವಂಥ ಜಾಗವೇ ಇಲ್ಲ. ಮೇಲೆ ಸಹಿ, ಸೀಲು ಇರುವ ಒಂದು ಕಾಗದ ಎಲ್ಲರಿಗೂ ಬೇಕು, ಅದೂ ಒಂದೇ ತಿಂಗಳಲ್ಲಿ ಬೇಕು. ಇಷ್ಟು ಜನ ಹೀಗೆ ಪರದಾಡುವಾಗ ಅದನ್ನು ಮಾರುವವರು ಬಂದೇ ಬರುತ್ತಾರೆ.

ಈ ಪೋಸ್ಟರ್ ನನಗೆ ಯಾವುದೋ ಅಪರಿಚಿತ ನಂಬರಿನಿಂದ ಬಂದಿರಲಿಲ್ಲ. ಹಾಗೆ ಬಂದಿದ್ದರೆ ಬಹುಶಃ ಯಾರೂ ತೆರೆದೂ ನೋಡುತ್ತಿರಲಿಲ್ಲ. ಹಿಂದಿನ ಬ್ಯಾಚಿನ ಒಬ್ಬ ಸೀನಿಯರ್ ನಮ್ಮ ಕ್ಲಾಸಿನ ಪ್ರತಿನಿಧಿಗೆ, ಅಂದರೆ ಸಿಆರ್‌ಗೆ, ಕಳಿಸಿದ್ದ. ಸಿಆರ್ ಕ್ಲಾಸ್ ಗ್ರೂಪಿಗೆ ಹಾಕಿದಳು. ಅಲ್ಲಿಂದ ಒಬ್ಬ ಸರ್ ಅದನ್ನು ಡಿಪಾರ್ಟ್‌ಮೆಂಟ್ ಗ್ರೂಪಿಗೆ ಫಾರ್ವರ್ಡ್ ಮಾಡಿ 'ಆಸಕ್ತರು ನೋಡಬಹುದು' ಎಂದು ಬರೆದರು. ಮಾರನೇ ವಾರ ಕಂಪನಿಯವರು ಸೆಮಿನಾರ್ ಹಾಲ್‌ಗೇ ಬಂದರು. ಪ್ರೊಜೆಕ್ಟರ್, ಹೂಗುಚ್ಛ, ಎಂಒಯು ಎಂಬ ಒಪ್ಪಂದ ಪತ್ರಕ್ಕೆ ಸಹಿ, ಫೋಟೊ. ಕಾಲೇಜಿಗೆ ಎಂಒಯು ಯಾಕೆ ಬೇಕು ಎಂದು ಆಮೇಲೆ ಗೊತ್ತಾಯಿತು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದಲ್ಲಿ ಕಂಪನಿಗಳ ಜೊತೆಗಿನ ಒಪ್ಪಂದಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಕಾಲೇಜಿಗೆ ಫೈಲಿನಲ್ಲಿ ಒಂದು ಕಾಗದ ಹೆಚ್ಚಾಯಿತು, ಕಂಪನಿಗೆ ಇಡೀ ಬ್ಯಾಚ್ ಸಿಕ್ಕಿತು.

ಈ ಸರಪಳಿಯಲ್ಲಿ ಒಬ್ಬರೂ ಕಂಪನಿಯನ್ನು ಪರೀಕ್ಷಿಸಿರಲಿಲ್ಲ. ಸೀನಿಯರ್ ಹೇಳಿದ್ದಾನೆ ಎಂದು ಸಿಆರ್ ನಂಬಿದಳು. ಸಿಆರ್ ಹಾಕಿದ್ದಾಳೆ ಎಂದು ನಾವು ನಂಬಿದೆವು. ಮಕ್ಕಳಿಗೆ ಬೇಕಂತೆ ಎಂದು ಸರ್ ಹಾಕಿದರು. ಡಿಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಬಂದಿದೆ ಎಂದರೆ ಕಾಲೇಜೇ ಒಪ್ಪಿದೆ ಎಂದು ಮನೆಯಲ್ಲಿ ಅಪ್ಪ ಅಂದುಕೊಂಡರು. ಒಬ್ಬೊಬ್ಬರೂ ಒಂದೊಂದು ಮುದ್ರೆ ಒತ್ತಿದ ಹಾಗಾಯಿತು, ಅಷ್ಟೇ.

ಮೊದಲು ಕೇಳಿದ್ದು 499 ರೂಪಾಯಿ ರಿಜಿಸ್ಟ್ರೇಷನ್. 'ಆಯ್ಕೆಯಾಗದಿದ್ದರೆ ವಾಪಸ್' ಎಂದರು. ಆನ್‌ಲೈನ್ ಪರೀಕ್ಷೆ ಇತ್ತು. ಅದರಲ್ಲಿ ಫೇಲ್ ಆದವರು ಒಬ್ಬರೂ ಇಲ್ಲ. ನನ್ನ ಗೆಳೆಯನೊಬ್ಬ ಬೇಕೆಂದೇ ಎಲ್ಲದಕ್ಕೂ 'ಸಿ' ಒತ್ತಿದ್ದ, ಅವನಿಗೂ 'ಅಭಿನಂದನೆಗಳು' ಎಂಬ ಮೇಲ್ ಬಂತು. ಆಗ ನಕ್ಕು ಸುಮ್ಮನಾದೆವು. ನಂತರ ತರಬೇತಿ ಶುಲ್ಕ 4999, ಅದರ ಮೇಲೆ 18 ಶೇಕಡ ಜಿಎಸ್‌ಟಿ, ಒಟ್ಟು 5899. ಸ್ಟೈಪೆಂಡ್ (ಇಂಟರ್ನ್‌ಗೆ ಕೊಡುವ ಭತ್ಯೆ) ಇದೆಯಾ ಎಂದರೆ 'ಸಾಧನೆ ನೋಡಿ ಕೊಡುತ್ತೇವೆ' ಎಂಬ ಉತ್ತರ. ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ ಅಲ್ವಾ?

ಜಿಎಸ್‌ಟಿ ವಿಷಯಕ್ಕೆ ಇಲ್ಲೇ ಒಂದು ಮಾತು. ಜಿಎಸ್‌ಟಿ ನೋಂದಣಿ ಇಲ್ಲದವರು ಗ್ರಾಹಕರಿಂದ ಆ ತೆರಿಗೆ ವಸೂಲಿ ಮಾಡುವ ಹಾಗೇ ಇಲ್ಲ. ನೋಂದಣಿ ಇದ್ದರೆ ರಸೀದಿಯಲ್ಲಿ 15 ಅಕ್ಷರ-ಅಂಕಿಗಳ ನಂಬರ್ ಇರಬೇಕು. ಕರ್ನಾಟಕದ್ದಾದರೆ ಅದು 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಆ ನಂಬರ್ ಹಾಕಿ ಯಾರ ಹೆಸರಲ್ಲಿದೆ ಎಂದು ನೋಡಬಹುದು. ನಮಗೆ ಬಂದ ರಸೀದಿಯಲ್ಲಿ ಆ ನಂಬರೇ ಇರಲಿಲ್ಲ. ದುಡ್ಡು ಹೋಗಿದ್ದು ಕಂಪನಿ ಖಾತೆಗೂ ಅಲ್ಲ, ಒಬ್ಬ ವ್ಯಕ್ತಿಯ ಯುಪಿಐಗೆ. ಸ್ಕ್ಯಾನ್ ಮಾಡಿದಾಗ ಪರದೆ ಮೇಲೆ ಬರುವ ಹೆಸರನ್ನು ಓದದೆ ಪಿನ್ ಒತ್ತುವ ಅಭ್ಯಾಸ ನಮಗೆಲ್ಲ ಇದೆ. ಅದು ಕಂಪನಿಯ ಹೆಸರಲ್ಲದಿದ್ದರೆ ಅಲ್ಲೇ ನಿಲ್ಲಿಸಿ.

ಇನ್ನು 'ಇಂಟರ್ನ್‌ಶಿಪ್'. ಮೊದಲ ವಾರ ಒಂದೆರಡು ಲೈವ್ ಕ್ಲಾಸ್. ಆಮೇಲೆ ರೆಕಾರ್ಡ್ ಮಾಡಿದ ವಿಡಿಯೊಗಳು, ಒಂದು ಡ್ರೈವ್ ಲಿಂಕ್, ಒಂದು ಜಿಪ್ ಫೈಲ್. ಅದರೊಳಗೆ ಮನೆ ಬೆಲೆ ಅಂದಾಜು ಮಾಡುವ ಮೆಷಿನ್ ಲರ್ನಿಂಗ್ ಪ್ರಾಜೆಕ್ಟ್, ವರದಿಯ ಸಮೇತ ರೆಡಿ. ನಿಮ್ಮ ಹೆಸರು, ಯುಎಸ್‌ಎನ್ (ವಿದ್ಯಾರ್ಥಿ ನೋಂದಣಿ ಸಂಖ್ಯೆ) ಹಾಕಿದರೆ ಮುಗಿಯಿತು. ಕೋಡ್‌ನಲ್ಲಿ ಅದನ್ನು ಮೊದಲು ಬರೆದವನ ಗಿಟ್‌ಹಬ್ (ಕೋಡ್ ಹಂಚಿಕೊಳ್ಳುವ ಜಾಲತಾಣ) ಹೆಸರನ್ನು ಅಳಿಸುವ ಕಷ್ಟವನ್ನೂ ತೆಗೆದುಕೊಂಡಿರಲಿಲ್ಲ. ಡೌಟ್ ಕೇಳಿದರೆ ಮೆಂಟರ್ ಎರಡು ದಿನ ಬಿಟ್ಟು ಒಂದು ಯೂಟ್ಯೂಬ್ ಲಿಂಕ್ ಕಳಿಸುತ್ತಿದ್ದ. ಮೆಂಟರ್ ಎಂದರೆ ಯಾರು? ಹಿಂದಿನ ವರ್ಷ ಇದೇ ಕಂಪನಿಗೆ ದುಡ್ಡು ಕಟ್ಟಿದ್ದ ಇನ್ನೊಂದು ಕಾಲೇಜಿನ ಹುಡುಗ.

ಪೆಟ್ಟು ಬಿದ್ದಿದ್ದು ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ. ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಎಕ್ಸ್‌ಟರ್ನಲ್ ಮೇಡಂ ಮೊದಲ ಇಬ್ಬರ ವರದಿ ನೋಡಿದರು. ಮೂರನೆಯವನದ್ದು ತೆರೆದು, ಹಿಂದಿನ ಎರಡನ್ನೂ ಪಕ್ಕಕ್ಕಿಟ್ಟುಕೊಂಡು ಪುಟ ತಿರುವಿದರು. ಅದೇ ಚಿತ್ರ, ಅದೇ ಟೇಬಲ್, ಅದೇ ಕಾಗುಣಿತದ ತಪ್ಪು. ಆಮೇಲೆ ಬಂದವರಿಗೆಲ್ಲ ಒಂದೇ ಪ್ರಶ್ನೆ: 'ಈ ಕಂಪನಿ ಆಫೀಸು ಎಲ್ಲಿದೆ? ನೀವು ಹೋಗಿದ್ದೀರಾ?' ಯಾರಿಗೂ ಉತ್ತರ ಗೊತ್ತಿರಲಿಲ್ಲ. ಪಾಸ್ ಏನೋ ಮಾಡಿದರು. ಆದರೆ ಅಂಕ ಬಿದ್ದುಹೋಯಿತು. ಸ್ವಂತವಾಗಿ ಊರಿನ ಸಹಕಾರ ಸಂಘಕ್ಕೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದ ಒಬ್ಬಳಿಗೆ ನಮಗಿಂತ ಎಷ್ಟೋ ಜಾಸ್ತಿ ಬಂತು. ಅವಳ ಬಳಿ ಇದ್ದಿದ್ದು ಸಂಘದ ಕಾರ್ಯದರ್ಶಿ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟ ನಾಲ್ಕು ಸಾಲು. ನಮ್ಮ ಸರ್ಟಿಫಿಕೇಟ್‌ನಲ್ಲಿ ಕ್ಯೂಆರ್ ಕೋಡ್ ಇತ್ತು. ಆ ಕ್ಯೂಆರ್ ಏನು ಮಾಡುತ್ತದೆ ಗೊತ್ತಾ? ಅದೇ ಕಂಪನಿಯ ವೆಬ್‌ಸೈಟ್ ತೆರೆದು 'ಇದು ಅಸಲಿ' ಎನ್ನುತ್ತದೆ. ಅವರ ಸರ್ಟಿಫಿಕೇಟಿಗೆ ಅವರದೇ ಸಾಕ್ಷಿ.

ಇಷ್ಟೇ ಆಗಿದ್ದರೆ ಆರು ಸಾವಿರ ಹೋಯಿತು ಎಂದು ಬಿಟ್ಟುಬಿಡಬಹುದಿತ್ತು. ನನಗೆ ಜಾಸ್ತಿ ಬೇಸರವಾಗಿದ್ದು ಮುಂದಿನದರಿಂದ. ಮುಗಿಯುವ ಹೊತ್ತಿಗೆ ನಮಗೆಲ್ಲ ಒಂದು ಮೇಲ್ ಬಂತು: 'ಕ್ಯಾಂಪಸ್ ಅಂಬಾಸಿಡರ್ ಆಗಿ, ಪ್ರತಿ ಸೇರ್ಪಡೆಗೆ 500 ರೂಪಾಯಿ ಪಡೆಯಿರಿ, ಹತ್ತು ಜನರನ್ನು ಸೇರಿಸಿದರೆ ನಿಮ್ಮ ಶುಲ್ಕ ವಾಪಸ್.' ಆಗ ಗೊತ್ತಾಯಿತು, ನಮ್ಮ ಸೀನಿಯರ್ ಆ ಪೋಸ್ಟರ್ ಕಳಿಸಿದ್ದು ಪ್ರೀತಿಯಿಂದಲ್ಲ. ಕೇಳಿದಾಗ ಮುಚ್ಚಿಡಲಿಲ್ಲ. 'ನನ್ನ ದುಡ್ಡೂ ಹೋಗಿತ್ತು ಕಣೋ, ವಾಪಸ್ ಬರೋದಕ್ಕೆ ಇದೊಂದೇ ದಾರಿ ಇತ್ತು' ಎಂದ. ಅವನ ಮೇಲೆ ಸಿಟ್ಟು ಬಂತು, ಪಾಪ ಅಂತಲೂ ಅನಿಸಿತು. ನಮ್ಮ ಬ್ಯಾಚಿನಲ್ಲೂ ಕೆಲವರು ಸದ್ದಿಲ್ಲದೆ ಅಂಬಾಸಿಡರ್ ಆದರು. ಈ ವ್ಯವಹಾರಕ್ಕೆ ಜಾಹೀರಾತಿನ ಖರ್ಚೇ ಇಲ್ಲ. ಕಳೆದುಕೊಂಡವರೇ ಮುಂದಿನವರನ್ನು ಕರೆತರುತ್ತಾರೆ, ಅದೂ ಗ್ರೂಪಿನಲ್ಲಿ 'ಗೈಸ್, ಒಳ್ಳೇ ಅವಕಾಶ' ಎಂದು ಹೇಳಿ.

ಅದಕ್ಕೇ ಇನ್ನು ಮುಂದೆ ಯಾರಾದರೂ ಇಂಥದ್ದು ಹಾಕಿದರೆ ಎಲ್ಲರೆದುರೇ ಕೇಳಿ: 'ಇದರಿಂದ ನಿನಗೆ ಕಮಿಷನ್ ಇದೆಯಾ?' ಮುಜುಗರ ಆಗುತ್ತದೆ, ಆಗಲಿ. ಪೋಸ್ಟರ್‌ನ ಲಿಂಕ್ ಕೊನೆಯಲ್ಲಿ 'ರೆಫ್' ಎಂದು ಬರೆದು ಏನೋ ಕೋಡ್ ಇದ್ದರೆ, ಅಥವಾ ಫಾರಂನಲ್ಲಿ 'ರೆಫರಲ್ ಕೋಡ್ ಕಡ್ಡಾಯ' ಎಂದಿದ್ದರೆ ಕೇಳುವ ಅಗತ್ಯವೂ ಇಲ್ಲ, ಕಮಿಷನ್ ಇದೆ ಎಂದೇ ಅರ್ಥ.

ಕಂಪನಿ ಎಂಥದ್ದು ಎಂದು ನೋಡುವುದು ಹತ್ತು ನಿಮಿಷದ ಕೆಲಸ. ಪ್ರೈವೇಟ್ ಲಿಮಿಟೆಡ್ ಎಂದು ಹೇಳಿಕೊಂಡರೆ ಅದಕ್ಕೆ ಸಿಐಎನ್ ಎಂಬ 21 ಅಕ್ಷರ-ಅಂಕಿಗಳ ಸಂಖ್ಯೆ ಇರಲೇಬೇಕು. ಮೊದಲು ಎಲ್ ಅಥವಾ ಯು, ಆಮೇಲೆ 5 ಅಂಕಿ, ಆಮೇಲೆ ರಾಜ್ಯದ 2 ಅಕ್ಷರ, ನಮ್ಮದಾದರೆ ಕೆಎ. ಅದರ ಮುಂದಿನ 4 ಅಂಕಿ ಕಂಪನಿ ನೋಂದಣಿಯಾದ ವರ್ಷ. ನಮ್ಮ ಪೋಸ್ಟರ್‌ನಲ್ಲಿ 'ಹತ್ತು ವರ್ಷಗಳ ಅನುಭವ' ಎಂದಿತ್ತು, ಸಿಐಎನ್ ನೋಡಿದರೆ ಕಂಪನಿ ಹತ್ತು ವರ್ಷದ ಹತ್ತಿರಕ್ಕೂ ಬಂದಿರಲಿಲ್ಲ. ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹೆಸರು ಹಾಕಿ ಇದನ್ನು ನೋಡಬಹುದು.

'ಭಾರತ ಸರ್ಕಾರದ ಎಂಎಸ್‌ಎಂಇ ಮಾನ್ಯತೆ' ಎಂದು ಅಶೋಕ ಸ್ತಂಭದ ಚಿತ್ರ ಹಾಕಿದ್ದರೆ ಮರುಳಾಗಬೇಡಿ. ಅದು ಕಿರು, ಸಣ್ಣ, ಮಧ್ಯಮ ಉದ್ಯಮಗಳಿಗೆಂದು (ಎಂಎಸ್‌ಎಂಇ ಎಂದರೆ ಅವೇ) 2020ರ ಜುಲೈನಲ್ಲಿ ಶುರುವಾದ ಉದ್ಯಮ್ ನೋಂದಣಿ. ಆಧಾರ್ ಇಟ್ಟುಕೊಂಡು, ತಾವೇ ಘೋಷಿಸಿಕೊಂಡು, ಶುಲ್ಕವಿಲ್ಲದೆ ಮಾಡಿಸಿಕೊಳ್ಳುವಂಥದ್ದು. ಹೋಟೆಲ್ ಇಟ್ಟವರೂ ಮಾಡಿಸಿರುತ್ತಾರೆ. ತರಬೇತಿಯ ಗುಣಮಟ್ಟಕ್ಕೂ ಅದಕ್ಕೂ ಸಂಬಂಧವೇ ಇಲ್ಲ. 'ಎಐಸಿಟಿಇ ಅನುಮೋದಿತ' ಎಂದರೆ, ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ಇಂಟರ್ನ್‌ಶಿಪ್ ಪೋರ್ಟಲ್‌ಗೆ ನೀವೇ ಹೋಗಿ ಹುಡುಕಿ, ಅವರು ಕಳಿಸಿದ ಸ್ಕ್ರೀನ್‌ಶಾಟ್ ನೋಡಬೇಡಿ. ಅಲ್ಲಿ ಹೆಸರು ಇದ್ದರೂ ದುಡ್ಡು ಕೇಳಿದರೆ ಯೋಚಿಸಿ.

ಹಾಗಂತ ದುಡ್ಡು ಕೇಳುವುದೆಲ್ಲ ಮೋಸ ಎಂದು ನಾನು ಹೇಳುತ್ತಿಲ್ಲ. ಎಂಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆಗೆ ಶುಲ್ಕ ಇದೆ. ಐಐಟಿ, ಐಐಎಸ್‌ಸಿಗಳ ಆನ್‌ಲೈನ್ ಕೋರ್ಸ್ ತಾಣ ಎನ್‌ಪಿಟಿಇಎಲ್‌ನಲ್ಲಿ ಪಾಠ ಉಚಿತ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ ಶುಲ್ಕ. ಯಾಕೆ, ಎಷ್ಟು ಎಂದು ಬಹಿರಂಗವಾಗಿ ಬರೆದಿರುತ್ತದೆ. ಕೋಚಿಂಗ್ ಬೇಕೆಂದು ಕೋಚಿಂಗ್‌ಗೆ ದುಡ್ಡು ಕೊಡುವುದೂ ಸರಿಯೇ. ಕೋಚಿಂಗ್ ಕ್ಲಾಸನ್ನು ಕೆಲಸದ ಅನುಭವ ಎಂದು ಮಾರುವುದು ತಪ್ಪು.

ನಿಜವಾದ ಅವಕಾಶಗಳು ಇವೆ, ಆದರೆ ಅವು ಪೋಸ್ಟರ್ ಹೊಡೆದು ಸೆಮಿನಾರ್ ಹಾಲ್‌ಗೆ ಬರುವುದು ಕಡಿಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಅದಕ್ಕೆ ಆಯ್ಕೆಯಾದವರಿಗೆ ಅವರೇ ದುಡ್ಡು ಕೊಡುತ್ತಾರೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ್ದೂ ಇಂಥದೇ ಒಂದು ಇದೆ. ತೊಂದರೆ ಏನೆಂದರೆ, ಇಂಥವಕ್ಕೆ ಬೇಸಿಗೆಗೆ ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು. ನಾವು ಏಪ್ರಿಲ್‌ನಲ್ಲಿ ಹುಡುಕಲು ಶುರು ಮಾಡುತ್ತೇವೆ, ಆಗ ಉಳಿದಿರುವುದು ದುಡ್ಡು ಕೇಳುವವರು ಮಾತ್ರ. ದಸರಾ ರಜೆಯಲ್ಲೇ ಒಮ್ಮೆ ಈ ಜಾಲತಾಣಗಳನ್ನು ನೋಡಿಬಿಡಿ.

ಸರ್ಕಾರಿ ಯೋಜನೆಯ ಹೆಸರಲ್ಲೂ ಇದೇ ಆಟ ನಡೆಯುತ್ತದೆ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಪ್ರಾಯೋಗಿಕವಾಗಿ ಶುರುವಾಯಿತು. ಆಗಿನ ನಿಯಮದಂತೆ ತಿಂಗಳಿಗೆ 5000 ರೂಪಾಯಿ ನೆರವು, ಅರ್ಜಿ ಶುಲ್ಕ ಇಲ್ಲ, ವಯಸ್ಸು 21ರಿಂದ 24. ಪೂರ್ಣಾವಧಿ ಓದುತ್ತಿರುವವರಿಗೆ ಆಗ ಅವಕಾಶವೇ ಇರಲಿಲ್ಲ. ಆದರೂ ಓದುತ್ತಿದ್ದ ನಮಗೇ 'ಪಿಎಂ ಇಂಟರ್ನ್‌ಶಿಪ್, ಪ್ರೊಸೆಸಿಂಗ್ ಫೀ 299' ಎಂದು ಮೆಸೇಜ್ ಬಂದಿತ್ತು! ಸ್ಕಾಲರ್‌ಶಿಪ್‌ಗೂ ಅಷ್ಟೇ. ರಾಜ್ಯದ ಎಸ್‌ಎಸ್‌ಪಿ, ಕೇಂದ್ರದ ಎನ್‌ಎಸ್‌ಪಿ ಎಂಬ ಸ್ಕಾಲರ್‌ಶಿಪ್ ಪೋರ್ಟಲ್ ಎರಡಕ್ಕೂ ಅರ್ಜಿ ಶುಲ್ಕ ಇಲ್ಲ. 'ನಿಮ್ಮ ಸ್ಕಾಲರ್‌ಶಿಪ್ ಬಂದಿದೆ, ಪಿನ್ ಒತ್ತಿ' ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ದುಡ್ಡು ಬರುವುದಕ್ಕೆ ಯುಪಿಐ ಪಿನ್ ಬೇಕಾಗುವುದಿಲ್ಲ.

ನಾವು ಫಾರಂ ತುಂಬುವಾಗ ಆಧಾರ್, ಮಾರ್ಕ್ಸ್ ಕಾರ್ಡ್, ಸಹಿಯ ಫೋಟೊ ಎಲ್ಲ ಕೊಟ್ಟಿದ್ದೆವು. ಕೆಲವು ತಿಂಗಳಾದ ಮೇಲೆ ನಮ್ಮಲ್ಲಿ ಹಲವರಿಗೆ 'ಪೇಮೆಂಟ್ ಪ್ರೊಸೆಸಿಂಗ್ ಇಂಟರ್ನ್' ಎಂಬ ಕೆಲಸದ ಕರೆ ಬಂತು. ನಂಬರ್ ಎಲ್ಲಿಂದ ಸಿಕ್ಕಿತೋ ಯಾರೂ ಹೇಳಲಿಲ್ಲ. ಮನೆಯಲ್ಲೇ ಕುಳಿತು ಮಾಡಬಹುದಂತೆ. ನಿಮ್ಮ ಖಾತೆಗೆ ಬಂದ ದುಡ್ಡನ್ನು ಅವರು ಹೇಳಿದ ಖಾತೆಗೆ ಕಳಿಸಿದರೆ ಶೇಕಡ ಇಷ್ಟು ನಿಮಗೆ. ದಯವಿಟ್ಟು ಇದರ ಹತ್ತಿರವೂ ಹೋಗಬೇಡಿ. ಬೇರೆಯವರಿಂದ ಮೋಸದಲ್ಲಿ ಕಿತ್ತ ದುಡ್ಡನ್ನು ಸಾಗಿಸಲು ವಿದ್ಯಾರ್ಥಿಗಳ ಖಾತೆ ಬಳಸುವ ತಂತ್ರ ಇದು. ನಮ್ಮ ಹಾಸ್ಟೆಲ್‌ನ ಒಬ್ಬ ಹುಡುಗ ಒಪ್ಪಿಕೊಂಡಿದ್ದ. ಬೇರೆ ರಾಜ್ಯದ ಪೊಲೀಸರ ಸೂಚನೆ ಮೇಲೆ ಅವನ ಖಾತೆ ಫ್ರೀಜ್ ಆಯಿತು. ಅಪ್ಪ ಫೀಸ್‌ಗೆ ಹಾಕಿದ್ದ ದುಡ್ಡೂ ಅದರಲ್ಲೇ ಸಿಕ್ಕಿಕೊಂಡಿತು. ಬ್ಯಾಂಕಿಗೆ ಹೋದರೆ 'ಅಲ್ಲಿಯ ಠಾಣೆಯಿಂದ ಪತ್ರ ತನ್ನಿ' ಎನ್ನುತ್ತಾರೆ. ಅವನಿಗೆ ಆ ಭಾಷೆಯೂ ಬಾರದು.

ಈಗಾಗಲೇ ದುಡ್ಡು ಕಟ್ಟಿದವರಿಗೆ: ಖಾತೆಯಿಂದ ಮೋಸದಲ್ಲಿ ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಹಾಕಿ. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರಿಬಿಡುತ್ತದೆ. ನಮ್ಮಂಥ ಪ್ರಕರಣದಲ್ಲಿ ಮಾತ್ರ ಪೊಲೀಸರು 'ಸರ್ಟಿಫಿಕೇಟ್ ಕೊಟ್ಟಿದ್ದಾರಲ್ಲ, ಕ್ಲಾಸೂ ಮಾಡಿದ್ದಾರಲ್ಲ' ಎಂದು ಕೇಳುತ್ತಾರೆ. ಈ ದಂಧೆಯನ್ನು ಕಟ್ಟಿರುವುದೇ ಹಾಗೆ. ನಾವು ಕೆಲವರು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆವು. ಪೋಸ್ಟರ್, ಯುಪಿಐ ವಿವರ, ಜಿಎಸ್‌ಟಿ ನಂಬರ್ ಇಲ್ಲದ ರಸೀದಿ, ಚಾಟ್, ಎಲ್ಲ ಸೇರಿಸಿ ಕೊಟ್ಟೆವು. ಸಹಾಯವಾಣಿ ನ್ಯಾಯಾಲಯವಲ್ಲ, ಕಂಪನಿಗೆ ದೂರು ತಲುಪಿಸಿ ಉತ್ತರ ಕೇಳುತ್ತದೆ ಅಷ್ಟೇ. ಆದರೂ ಕಂಪನಿಯಿಂದ ಕರೆ ಬಂತು: ಗೂಗಲ್‌ನಲ್ಲಿ ಹಾಕಿದ ರಿವ್ಯೂ ಅಳಿಸಿದರೆ ಅರ್ಧ ಕೊಡುತ್ತೇವೆ ಎಂದರು. ಇಬ್ಬರು ಅಳಿಸಿ ದುಡ್ಡು ತಗೊಂಡರು, ಅವರಿಗೆ ಅಗತ್ಯವಿತ್ತು. ನನ್ನ ರಿವ್ಯೂ ಹಾಗೇ ಇದೆ, ದುಡ್ಡು ಬಂದಿಲ್ಲ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಕಾಗದ ಜೋಡಿಸುತ್ತಿದ್ದೇನೆ. ನೀವೂ ಇದೇ ರೀತಿ ಕಟ್ಟಿದ್ದರೆ ಗ್ರೂಪಿನಿಂದ ಎಕ್ಸಿಟ್ ಆಗುವ ಮೊದಲು ಚಾಟ್ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ನಮ್ಮ ಗ್ರೂಪಿನಲ್ಲಿ ಅಡ್ಮಿನ್ ಒಂದು ರಾತ್ರಿ ಎಲ್ಲರನ್ನೂ ತೆಗೆದುಹಾಕಿದ್ದ.