ಬ್ಯಾಟರಿನಾ, ಡೈನಮೋನಾ? ನಾಲ್ಕು ಸಾಮಾನು ಹಿಡಿದು ಹುಡುಕಿದ್ದು

ಸಾಗರದ ಮಳೆಗಾಲ, ಬೆಳಿಗ್ಗೆ ಸೆಲ್ಫ್ ಹೊಡೆದರೆ ನನ್ನ ಹನ್ನೊಂದು ವರ್ಷದ ಪೆಟ್ರೋಲ್ ಕಾರು ನಿದ್ದೆಗಣ್ಣಲ್ಲಿ ಎದ್ದವರ ಹಾಗೆ ಗೊಣಗುತ್ತಿತ್ತು. ಬ್ಯಾಟರಿ ಅಂಗಡಿಯವರು ಮೀಟರ್ ಇಟ್ಟು ನೋಡಿ "ಚಾರ್ಜಿಂಗ್ ಸರಿ ಇದೆ ಸಾರ್, ಬ್ಯಾಟರಿನೇ ಹೋಗಿದೆ" ಅಂದರು. ಹೊಸದು ಹಾಕಿಸಿದೆ. ಹದಿನೈದು ದಿನಕ್ಕೆ ಮತ್ತೆ ಅದೇ ರಾಗ. ಗ್ಯಾರೇಜಿನಲ್ಲಿ ಕೇಳಿದರೆ ಡೈನಮೋ ಬದಲಿಸಬೇಕು ಅಂದರು. ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬಂದು ಎಷ್ಟು ಕಾಲ ಆದರೂ ನಮ್ಮ ಕಡೆ ಅದಕ್ಕೆ ಡೈನಮೋ ಅಂತಲೇ ಹೆಸರು. ಇನ್ನೊಂದು ಸಲ ದುಡ್ಡು ಸುರಿಯುವ ಮೊದಲು ನಾನೇ ನೋಡೋಣ ಅನಿಸಿತು.

ಮೊದಲು ತಂದಿದ್ದು ಲೈಟರ್ ಸಾಕೆಟ್‌ಗೆ ಚುಚ್ಚುವ ವೋಲ್ಟ್ ಮೀಟರ್. ಕೆಂಪು ಅಂಕಿ ಚೆನ್ನಾಗಿ ಕಾಣುತ್ತೆ, ಅಷ್ಟೇ. ಇಂಜಿನ್ ಓಡುವಾಗ 13.7, ಲೈಟು, ಬ್ಲೋವರ್ ಹಾಕಿದರೆ 12.8. ಅದು ತೋರಿಸೋದು ಸಾಕೆಟ್‌ನ ವೋಲ್ಟೇಜು, ಬ್ಯಾಟರಿಯದ್ದಲ್ಲ. ನಡುವೆ ಫ್ಯೂಸು, ಸ್ವಿಚ್ಚು, ಉದ್ದದ ವೈರು, ಎಲ್ಲ ಸೇರಿ ಸ್ವಲ್ಪ ಸ್ವಲ್ಪ ತಿನ್ನುತ್ತವೆ. ಏನೋ ಸರಿ ಇಲ್ಲ ಅಂತ ಹೇಳುತ್ತೆ, ಎಲ್ಲಿ ಅಂತ ಹೇಳಲ್ಲ.

ಎರಡನೆಯದು ಬ್ಲೂಟೂತ್ ಓಬಿಡಿ ಡಾಂಗಲ್, ಕಾರಿನ ಕಂಪ್ಯೂಟರ್ ಹೇಳುವುದನ್ನು ಫೋನಿಗೆ ಕಳಿಸುವ ಪುಟ್ಟ ಸಾಧನ. ಫೋನಿನಲ್ಲಿ ಗ್ರಾಫ್ ಬರುತ್ತೆ, ನೋಡೋಕೆ ಮಜಾ. ಆದರೆ ದೋಷದ ಕೋಡ್ ಒಂದೂ ಬರಲಿಲ್ಲ, ವೋಲ್ಟೇಜು ಸಾಕೆಟ್ ಮೀಟರಿನಷ್ಟೇ. ಇದನ್ನು ಚುಚ್ಚಿಯೇ ಬಿಟ್ಟರೆ ಕೀ ತೆಗೆದ ಮೇಲೂ ಸ್ವಲ್ಪ ಕರೆಂಟ್ ಎಳೆಯುತ್ತಿರುತ್ತೆ. ವಾರಗಟ್ಟಲೆ ನಿಲ್ಲಿಸುವ ಕಾರಿಗೆ ಇದೇ ಒಂದು ಕಾಯಿಲೆ. ಇಂಜಿನ್ ಲೈಟ್ ಹತ್ತಿದಾಗ ಇದರಷ್ಟು ಉಪಯೋಗದ ವಸ್ತು ಇನ್ನೊಂದಿಲ್ಲ, ಅದು ಬೇರೆ ಮಾತು.

ಮೂರನೆಯದಾಗಿ ಕೈಗೆ ಬಂದಿದ್ದು ನಾನೂರು ರೂಪಾಯಿಯ ಸಾದಾ ಮಲ್ಟಿಮೀಟರ್. ರಾತ್ರಿಯೆಲ್ಲ ನಿಂತ ಬ್ಯಾಟರಿ ಫುಲ್ ಇದ್ದರೆ 12.6 ತೋರಿಸಬೇಕು, 12.2 ಅಂದರೆ ಅರ್ಧ ಖಾಲಿ. ನನ್ನ ಹೊಸ ಬ್ಯಾಟರಿ 12.2! ಸ್ಟಾರ್ಟ್ ಮಾಡಿದ ಮೇಲೆ, ಏನೂ ಹಾಕದೆ, ಬ್ಯಾಟರಿ ಮೇಲೆ 14.0. ಅಂಗಡಿಯವರು ನೋಡಿದ್ದು ಇಷ್ಟನ್ನೇ, ಅದಕ್ಕೇ ಚಾರ್ಜಿಂಗ್ ಸರಿ ಅಂದಿದ್ದು. ಹೈ ಬೀಮ್, ಬ್ಲೋವರ್ ಫುಲ್, ಹಿಂದಿನ ಗ್ಲಾಸಿನ ಮಂಜು ತೆಗೆಯುವ ಡಿಫಾಗರ್ ಎಲ್ಲ ಹಾಕಿ ತಮ್ಮನಿಗೆ ಸ್ವಲ್ಪ ಆಕ್ಸಿಲರೇಟರ್ ಒತ್ತಿಕೊಂಡಿರು ಅಂದೆ. ಈಗ 13.2. ಇಲ್ಲಿಗೇ ನಿಲ್ಲಿಸಿದ್ದರೆ ನಾನೂ ಡೈನಮೋ ಬಿಚ್ಚಿಸುತ್ತಿದ್ದೆ.

ಮೀಟರಿನ ಒಂದು ಪ್ರೋಬ್ (ಚುಚ್ಚುವ ಕಡ್ಡಿ) ಡೈನಮೋ ಹಿಂದಿನ ದಪ್ಪ ವೈರಿನ ನಟ್ಟಿಗೆ, ಇನ್ನೊಂದು ಅದರದ್ದೇ ಲೋಹದ ಮೈಗೆ ಇಟ್ಟೆ. 14.2! ಅದು ಪಾಪ ತನ್ನ ಕೆಲಸ ಮಾಡುತ್ತಲೇ ಇತ್ತು, ಹಾಗಾದರೆ ಆ ಒಂದು ವೋಲ್ಟ್ ದಾರಿಯಲ್ಲಿ ಎಲ್ಲೋ ಸೋರುತ್ತಿದೆ ಅಂತಾಯ್ತು. ಡೈನಮೋ ನಟ್ಟಿನಿಂದ ಬ್ಯಾಟರಿ ಪ್ಲಸ್‌ಗೆ ಅಳೆದರೆ 0.1, ತೊಂದರೆ ಇಲ್ಲ. ಇಂಜಿನ್ ಬ್ಲಾಕಿನಿಂದ ಬ್ಯಾಟರಿ ಮೈನಸ್‌ಗೆ 0.85. ಇಲ್ಲಿ 0.2 ದಾಟಬಾರದು. ಏರ್ ಫಿಲ್ಟರ್ ಡಬ್ಬ ತೆಗೆದು ಕೈ ಹಾಕಿದರೆ ಬ್ಯಾಟರಿ ಮೈನಸ್‌ನಿಂದ ಗೇರ್‌ಬಾಕ್ಸಿಗೆ ಬರುವ ಅರ್ತ್ ವೈರಿನ ಲಗ್ (ಬೋಲ್ಟ್ ಹಾಕುವ ತುದಿ) ಹಸಿರು ಪಾಚಿ ಕಟ್ಟಿದ ಹಾಗಿತ್ತು. ಮೇಲಿನಿಂದ ನೋಡಿದರೆ ಗಟ್ಟಿಯಾಗಿ ಬಿಗಿದಂತೆಯೇ ಕಾಣುತ್ತೆ, ಬೋಲ್ಟ್ ಬಿಚ್ಚಿದಾಗ ಕೆಳಗೆಲ್ಲ ಪುಡಿ. ಮರಳು ಕಾಗದ ಹಾಕಿ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದೆ. ಅದೇ ಲೋಡಿನಲ್ಲಿ 14.05.

ನಾಲ್ಕನೆಯದು ಟೆಸ್ಟ್ ಲ್ಯಾಂಪ್, ಎಲೆಕ್ಟ್ರಿಷಿಯನ್‌ಗಳು ವೈರಿಗೆ ಬಲ್ಬು ಕಟ್ಟಿಕೊಂಡು ಓಡಾಡುವ ಅದೇ. ಈ ದೋಷವನ್ನು ಅದು ಹಿಡಿಯುತ್ತಿರಲಿಲ್ಲ. ಬಲ್ಬು ಎಳೆಯುವುದು ಒಂದೆರಡು ಆಂಪ್, ಅಷ್ಟನ್ನು ಆ ಕೊಳೆತ ಲಗ್ ಕೂಡ ಆರಾಮಾಗಿ ಕೊಡುತ್ತೆ. ಆದರೆ ಹಾರ್ನ್ ಕೆಟ್ಟಾಗ ಮಲ್ಟಿಮೀಟರನ್ನು ಸೋಲಿಸಿದ್ದು ಇದೇ. ಒಳಗೇ ಕೊಳೆತು ಕರೆಂಟ್ ಸರಿಯಾಗಿ ಹರಿಯದ ವೈರಿನಲ್ಲೂ ಮೀಟರ್ 12 ತೋರಿಸಿ ಸುಮ್ನೆ ಯಾಮಾರಿಸುತ್ತೆ, ಬಲ್ಬು ಮಂಕಾಗಿ ಉರಿದು ನಿಜ ಹೇಳುತ್ತೆ. ಎರಡೂ ಇರಲಿ, ಆದರೆ ಒಂದೇ ತಗೊಳ್ಳೋದಾದರೆ ಮಲ್ಟಿಮೀಟರ್.

ಅಂದ ಹಾಗೆ, ಇಂಜಿನ್ ಓಡುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು "ನೋಡಿ, ಆಫ್ ಆಗ್ಲಿಲ್ಲ, ಡೈನಮೋ ಚೆನ್ನಾಗಿದೆ" ಅನ್ನುವವರು ಈಗಲೂ ಸಿಗುತ್ತಾರೆ. ಹಾಗೆ ಮಾಡೋಕೆ ಬಿಡಬೇಡಿ. ಆ ಕ್ಷಣ ವೋಲ್ಟೇಜ್ ಒಮ್ಮೆಲೇ ಜಿಗಿದು ಇಸಿಯು (ಇಂಜಿನ್ನಿನ ಕಂಪ್ಯೂಟರ್) ಸುಟ್ಟರೆ ಹೊಸ ಡೈನಮೋಗಿಂತ ಜಾಸ್ತಿ ಖರ್ಚು.

ವೈರನ್ನು ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಕೂಡ ತಂದಿದ್ದೆ, ಮನೆಗೆ ಬಂದ ಮೇಲೆ ಗೊತ್ತಾಯಿತು, ಅದು ಎಸಿ ಆಂಪ್ ಮಾತ್ರ ಅಳೆಯುತ್ತೆ, ಕಾರಿನದ್ದು ಡಿಸಿ. ಕೊಳ್ಳುವಾಗ ಡಿಸಿ ಆಂಪ್ ಇದೆಯಾ ಅಂತ ಡಯಲ್ ನೋಡಿಯೇ ತಗೊಳ್ಳಿ. ನನ್ನದು ಈಗ ತೋಟದ ಪಂಪ್‌ಹೌಸಿನಲ್ಲಿ ಮೊಳೆಗೆ ನೇತಾಡುತ್ತಿದೆ, ಮೋಟಾರಿನ ಲೋಡ್ ನೋಡೋಕೆ.